ಟ್ರಕ್ಕಿನ ಒಳಮೈಗೆ ಅಂಟಿಸಿದ ಬಟ್ಟೆ

ನನ್ನ ತಮ್ಮ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಅಲ್ಲೇ ರೂಮು ಮಾಡಿಕೊಂಡಿದ್ದಾನೆ, ಭಾನುವಾರ ಮಾತ್ರ ದೊಡ್ಡಬಳ್ಳಾಪುರದ ಮನೆಗೆ ಬರುತ್ತಾನೆ. ಅಮ್ಮ ಅವನಿಗೆ ಹೆಣ್ಣು ಹುಡುಕುತ್ತಿದ್ದ ದಿನಗಳಲ್ಲಿ ಅವನು ಕಂಕುಳಲ್ಲಿ ಅವುಚಿಕೊಂಡು ತಂದದ್ದು ಒಂದು ರಿಮೋಟ್ ಟ್ರಕ್ಕನ್ನು. ಅಮ್ಮ ಅದನ್ನೂ ನೋಡಿದಳು, ಅವನನ್ನೂ ನೋಡಿದಳು. "ಇದನ್ನೇ ಮದ್ವೆ ಆಗ್ಬಿಡು" ಅಂದಳು.

ಆಟದ ಸಾಮಾನು ಅಂದರೆ ಅವನಿಗೆ ಕೋಪ. ದೊಡ್ಡವರು ಓಡಿಸೋ ಗಾಡಿಯಂತೆ ಅದು. ದೇವನಹಳ್ಳಿ ಕಡೆ ಸೈಟಿನ ಕಲ್ಲು ನೆಟ್ಟು, ಟಾರು ರಸ್ತೆ ಹಾಕಿ, ಒಂದು ಮನೆಯೂ ಏಳದ ಲೇಔಟುಗಳಿವೆಯಲ್ಲ, ಅಲ್ಲಿ ಇವನೂ ಇವನ ಗೆಳೆಯರೂ ಸೇರಿ ಇಂಥ ಟ್ರಕ್ಕುಗಳನ್ನು ಬಿಡುತ್ತಾರೆ. ಮೂಸಂಬಿಗಿಂತ ದೊಡ್ಡ ಚಕ್ರಗಳು, ಬೈಕಿಗಿದ್ದ ಹಾಗೆ ಸ್ಪ್ರಿಂಗು, ಮೇಲೆ ಕೆಂಪು ಬಣ್ಣದ ಬಾಡಿ. ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳು ತೂರಿಸಿ ಉಂಗುರದಂಥ ಟ್ರಿಗರ್ರನ್ನು, ಅಂದರೆ ಕುದುರೆಯನ್ನು, ಎಳೆದರೆ ಓಡುತ್ತದೆ, ಅದೇ ಬೆರಳಲ್ಲಿ ಕುದುರೆಯನ್ನು ಮುಂದಕ್ಕೆ ನೂಕಿದರೆ ಬ್ರೇಕು. ಬಲಗೈಯಲ್ಲಿ ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ಟ್ರಕ್ಕು ಅತ್ತ ಇತ್ತ ಹೊರಳುತ್ತದೆ.

ನಾನು ಅವನಿಗೆ ಅಕ್ಕ. ಊರಾಚೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಚೆಕ್ ಮಾಡುವ ಕೆಲಸ. ಹೊಲಿಗೆ ಸರಿಯಿಲ್ಲದ ಶರ್ಟನ್ನು ವಾಪಸ್ ಎಸೆಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲೂ ಅದೇ ಬುದ್ಧಿ ಬಿಡೋದಿಲ್ಲ ಅಂತ ಅಮ್ಮನ ಗೊಣಗಾಟ. ನನ್ನ ಮನೆ ಅಪ್ಪನ ಮನೆ ಇರುವ ಬೀದಿಯ ಕೊನೆಯಲ್ಲೇ, ಹಾಗಾಗಿ ಸಂಜೆ ಬಸ್ಸಿಳಿದರೆ ಮೊದಲು ಅಪ್ಪನ ಮನೆಗೆ ಹೋಗಿ, ಕಾಫಿ ಕುಡಿದು, ಆಮೇಲೆ ನನ್ನ ಮನೆಗೆ.

ಅಪ್ಪನಿಗೆ ಆಗ ಲಕ್ವ ಹೊಡೆದಿತ್ತು. ಎಡಭಾಗ ಪೂರ್ತಿ. ಮಾತಿಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯವೋ ಪಾಪವೋ ಅಂತ ಅಮ್ಮ ಆಗಾಗ ಅನ್ನುವುದುಂಟು. ಕಾಲು ನಿಧಾನಕ್ಕೆ ದಾರಿಗೆ ಬಂದು, ಕೋಲು ಹಿಡಿದು ಓಡಾಡುವ ಹಾಗಾದ. ತೋಳೂ ಎತ್ತುತ್ತಿದ್ದ. ಬೆರಳುಗಳು ಮಾತ್ರ ಮುಷ್ಟಿಯೊಳಗೆ ಮಡಚಿಕೊಂಡು ಕೂತವು. ಮನೆಗೆ ಬಂದು ಕೈಕಾಲು ಆಡಿಸಿ ಹೋಗುತ್ತಿದ್ದ ಫಿಜಿಯೋ ಹುಡುಗಿ ಒಂದು ಮೆತ್ತನೆ ಚೆಂಡು ಕೊಟ್ಟಿದ್ದಳು, ಹಿಸುಕಿ ಬಿಡಿ, ಹಿಸುಕಿ ಬಿಡಿ ಅಂತ. ಅಪ್ಪ ಅದನ್ನು ದಿಂಬಿನ ಕೆಳಗೆ ತಳ್ಳಿ, ಟೀವಿ ನೋಡುತ್ತಾ ಕೂರುತ್ತಿದ್ದ. ಕೇಳಿದರೆ, "ಎಡಗೈ ತಾನೇ, ಊಟ ಮಾಡೋಕ್ಕೆ ಬಲಗೈ ಇದ್ಯಲ್ಲ, ಬಿಡು" ಅನ್ನುತ್ತಿದ್ದ.

ಜೀವಮಾನವೆಲ್ಲ ಪವರ್‌ಲೂಮಿನ ಮುಂದೆ ನಿಂತು, ಹಾಸಿನ ಎಳೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದವನು ಹೀಗೆ ಅಂದರೆ ನನಗೆ ಮೈ ಉರಿಯುತ್ತಿತ್ತು. ಎಡಗೈ ಇಲ್ಲದೆ ಯಾವ ಗಂಟು ಹಾಕಿದ್ದೆಯಪ್ಪಾ ಅಂತ ಜಗಳಕ್ಕೆ ನಿಲ್ಲುತ್ತಿದ್ದೆ. ಫಿಜಿಯೋ ಹುಡುಗಿ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದಳು: "ಅಕ್ಕಾ, ಬೆರಳು ಮುಚ್ಚೋದು ಮೊದ್ಲು ಬರುತ್ತೆ, ಬಿಚ್ಚೋದು ಕಷ್ಟ. ಅಂಕಲ್ ಈಗ ಕೆಲ್ಸ ಕೊಡ್ಲಿಲ್ಲ ಅಂದ್ರೆ ಕೈ ಹಂಗೇ ಸೆಟ್ಕೊಂಡ್ಬಿಡುತ್ತೆ. ಆಮೇಲೆ ಏನ್ ಮಾಡಿದ್ರೂ ಬರಲ್ಲ."

ಟ್ರಕ್ಕು ತಂದ ಆ ಭಾನುವಾರ ತಮ್ಮ ಬ್ಯಾಟರಿ ಬದಲಾಯಿಸುವಾಗ, ಒಂದು ನಿಮಿಷ ಹಿಡ್ಕೋ ಅಂತ ರಿಮೋಟನ್ನು ಅಪ್ಪನ ಎಡಗೈಗೇ ತುರುಕಿದ. ಬಲಗೈಯಲ್ಲಿ ಕಾಫಿ ಲೋಟವಿತ್ತು. ಬೆರಳು ಕುದುರೆಗೆ ಸಿಕ್ಕಿಕೊಂಡು ಒತ್ತಿತು. ಬ್ಯಾಟರಿ ಸಿಕ್ಕಿಸಿದ್ದೇ ಟ್ರಕ್ಕು ಗುಂಯ್ಯೆಂದು ಹಾರಿ, ಮಂಚದ ಕೆಳಗಿದ್ದ ಈರುಳ್ಳಿ ರಾಶಿಗೆ ನುಗ್ಗಿತು. ಅಮ್ಮ ಕೂಗಿಕೊಂಡಳು. ಅಪ್ಪ ನಕ್ಕ. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ಸಂಜೆ ಬಸ್ಸು ಹತ್ತುವಾಗ ತಮ್ಮ ಟ್ರಕ್ಕನ್ನು ಅಪ್ಪನಿಗೇ ಇರಲಿ ಅಂತ ಮನೆಯಲ್ಲೇ ಬಿಟ್ಟು ಹೋದ, ಪಾಪ, ಮುಖ ಸಣ್ಣದು ಮಾಡಿಕೊಂಡು.

ಮನೆಯ ಮುಂಭಾಗದ ಹಾಲಿನಲ್ಲಿ ಮಗ್ಗಗಳಿದ್ದವು. ಒಂದನ್ನು ಬಿಟ್ಟು ಉಳಿದವನ್ನೆಲ್ಲ ಮಾರಿ ಆಗಿತ್ತು. ಉಳಿದದ್ದು ಹಳೆಯದು, ಯಾರೂ ಕೇಳಲಿಲ್ಲ. ಖಾಲಿಯಾದ ಸಿಮೆಂಟು ನೆಲ ಟ್ರಕ್ಕಿಗೆ ಹೇಳಿ ಮಾಡಿಸಿದಂತಿತ್ತು. ಅಪ್ಪ ಬೆಳಿಗ್ಗೆ ತಿಂಡಿ ಆದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರೆ, ಬ್ಯಾಟರಿ ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ಮೊದಮೊದಲು ಬೆರಳು ಒತ್ತಿದರೆ ಬಿಡುತ್ತಿರಲಿಲ್ಲ, ಬಲಗೈಯಿಂದ ಬಿಡಿಸಬೇಕು. ಆಮೇಲೆ ತಾನಾಗೇ ಸ್ವಲ್ಪ ಸಡಿಲವಾಗತೊಡಗಿತು. ಎಳೆಯುತ್ತಿದ್ದ, ಬಿಡುತ್ತಿದ್ದ. ಮುಂದಕ್ಕೆ ನೂಕುವುದು ಮಾತ್ರ ಆಗುತ್ತಿರಲಿಲ್ಲ. ಅಂದರೆ ನಮ್ಮಪ್ಪನ ಗಾಡಿಗೆ ಬ್ರೇಕಿಲ್ಲ.

ಬ್ರೇಕಿಲ್ಲದ ಗಾಡಿ ಏನಾಗಬೇಕೋ ಅದೇ ಆಯಿತು. ನಾನು ಒಳಗೆ ಬರುವಾಗ ಟ್ರಕ್ಕು ಮಗ್ಗದ ಕಬ್ಬಿಣದ ಕಾಲಿಗೆ ಗುದ್ದಿಕೊಂಡು ಮಗುಚಿ ಬಿದ್ದಿತ್ತು. ಬಾಡಿ ಮುಂದಿನ ಚಕ್ರದ ಕಮಾನಿನಿಂದ ಬಾನೆಟ್ಟಿನ ಮಧ್ಯದವರೆಗೆ ಸೀಳಿ ಹೋಗಿತ್ತು. ಅಪ್ಪ ತಲೆ ತಗ್ಗಿಸಿ ಕೂತಿದ್ದ.

ಅಂಥ ಬಾಡಿ ಈಗ ಸಿಗುವುದಿಲ್ಲ ಅಂತ ತಮ್ಮ ಫೋನಿನಲ್ಲಿ ಹೇಳಿದ. ಬಾಡಿ ಇಲ್ಲದೆಯೂ ಟ್ರಕ್ಕು ಓಡುತ್ತದೆ, ಹಾಗೇ ಓಡಿಸು ಅಂದರೆ ಅಪ್ಪ, "ಥೂ, ಬರೀ ಮೈಲಿ ಬಿಡೋದಾ ಅದ್ನ, ಅಸಹ್ಯ" ಅಂದ. ಸೀರೆ ನೇಯ್ದವನ ಬಾಯಲ್ಲಿ ಇನ್ನೇನು ಬರಬೇಕು! ರಿಪೇರಿ ನನ್ನ ತಲೆಗೇ ಬಂತು.

ಬಾಡಿಯನ್ನು ಬಿಚ್ಚಿ ಕೈಗೆ ತೆಗೆದುಕೊಂಡಾಗ ಮೊದಲ ಆಶ್ಚರ್ಯ. ಅಷ್ಟು ದಿನ ನಾನು ಅದನ್ನು ದಪ್ಪ ಪ್ಲಾಸ್ಟಿಕ್ಕು ಅಂದುಕೊಂಡಿದ್ದೆ. ನೋಡಿದರೆ ನೀರಿನ ಬಾಟಲಿಗಿಂತ ಸ್ವಲ್ಪ ದಪ್ಪದ, ಒತ್ತಿದರೆ ಬಳುಕುವ ಚಿಪ್ಪು. ಉಗುರಿನಿಂದ ಹೊರಗಡೆ ಕೆರೆದೆ, ಕೆಂಪು ಬಣ್ಣ ಏಳಲಿಲ್ಲ. ಒಳಗಡೆ ಕೆರೆದರೆ ಎದ್ದು ಬಂತು. ಪ್ಲಾಸ್ಟಿಕ್ಕಿಗೆ ಬಣ್ಣವೇ ಇಲ್ಲ, ಅದು ಗಾಜಿನ ಹಾಗೆ ಪಾರದರ್ಶಕ. ಬಣ್ಣವನ್ನು ಒಳಮೈಗೆ ಬಳಿದಿದ್ದಾರೆ, ಹೊರಗೆ ಎಷ್ಟು ಉಜ್ಜಿದರೂ ಮಾಸಬಾರದು ಅಂತ. ಅಪ್ಪನಿಗೆ ತೋರಿಸಿದೆ. ಅವನಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

"ನಾವು ಬುಟ್ಟಾ ಸೀರೆ ನೇಯೋದೂ ಹಂಗೇ ಅಲ್ವೇನಮ್ಮಾ? ಒಳಮೈ ನಮ್ಮ ಕಡೆ, ಹೊರಮೈ ನೆಲದ ಕಡೆ. ಕೆಲ್ಸ ಮಾಡೋನಿಗೆ ಚಂದ ಕಾಣಲ್ಲ" ಅಂದ.

ಅಮ್ಮನಿಗೆ ಬಿರುಕು ಅಂದರೆ ನೆನಪಾಗುವುದು ಪ್ಲಾಸ್ಟಿಕ್ ಬಿಂದಿಗೆ. ಹಳೇ ಚಮಚ ಕಾಯಿಸಿ ಬಿರುಕಿನ ಮೇಲೆ ಎಳೆದರೆ ಕರಗಿ ಕೂಡಿಕೊಳ್ಳುತ್ತದೆ, ಹಾಗೆ ಎಷ್ಟು ಬಿಂದಿಗೆ ಉಳಿಸಿಲ್ಲ ನಾನು ಅಂದಳು. ಕಣ್ಣಿಗೆ ಬೀಳದ ಒಂದು ಅಂಚಿನಲ್ಲಿ ಚಮಚ ಮುಟ್ಟಿಸಿ ನೋಡಿದೆವು. ಅದು ಕರಗಿ ಕೂಡುವ ಬದಲು ಹಪ್ಪಳದ ಹಾಗೆ ಗುಳ್ಳೆ ಎದ್ದು ಮುದುರಿತು. ಅಮ್ಮ, ಇದೆಂಥ ಮಾನ ಇಲ್ಲದ ಪ್ಲಾಸ್ಟಿಕ್ಕು ಅಂತ ಬೈದು ಒಳಗೆ ಹೋದಳು.

ಆಗ ಅಪ್ಪ ಹೇಳಿದ, ಹೊಲಿ ಅಂತ. ನನಗೂ ಅದೇ ಸರಿ ಅನ್ನಿಸಿತು. ಹರಿದದ್ದನ್ನು ಹೊಲಿಯಬೇಕು, ಅದರಲ್ಲಿ ಯೋಚಿಸುವುದೇನಿದೆ? ಸೂಜಿ ಕಾಯಿಸಿ ಸೀಳಿನ ಎರಡೂ ಕಡೆ ತೂತು ಮಾಡುತ್ತಾ ಹೋದೆ. ಅಪ್ಪ ಪಕ್ಕದಲ್ಲೇ ಕೂತು ಮೇಸ್ತ್ರಿಯ ಕೆಲಸ ಮಾಡಿದ: "ಒತ್ತಾಗಿ ಹಾಕು, ಇನ್ನೂ ಒತ್ತಾಗಿ." ನನಗೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಇಂಚಿಗೆ ಹೊಲಿಗೆ ಕಡಿಮೆಯಾದರೆ ಶರ್ಟು ವಾಪಸ್ ಕಳಿಸುವವಳು ನಾನು. ಬಟ್ಟೆಯಲ್ಲಿ ಹೊಲಿಗೆ ಒತ್ತಾದಷ್ಟೂ ಗಟ್ಟಿ, ಅಪ್ಪನಿಗೂ ನನಗೂ ಅದು ಹುಟ್ಟಿನಿಂದ ಬಂದ ಜ್ಞಾನ. ನೈಲಾನ್ ದಾರದಲ್ಲಿ ಹೊಲಿದು, ಬಿಗಿದು, ಗಂಟು ಹಾಕಿದಾಗ ಎಷ್ಟು ಚಂದ ಕಂಡಿತೆಂದರೆ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅವನು ತಲೆ ಚಚ್ಚಿಕೊಳ್ಳುವ ಚಿತ್ರ ಕಳಿಸಿದ. ಹೊಟ್ಟೆಕಿಚ್ಚು ಅಂದುಕೊಂಡೆ.

ಮಾರನೆಯ ದಿನ ಟ್ರಕ್ಕು ಬಾಗಿಲ ಚೌಕಟ್ಟಿಗೆ ಮೆಲ್ಲಗೆ ತಾಕಿತು, ಅಷ್ಟೆ. ತೂತುಗಳ ಸಾಲು ಹಿಡಿದು ಬಾನೆಟ್ಟು ಚರ್ರೆಂದು ಬಿಟ್ಟುಕೊಂಡಿತು. ರಸೀದಿ ಪುಸ್ತಕದ ಹಾಳೆ ಹರಿಯುವುದಿಲ್ಲವೇ, ಹಾಗೆ. ಹೊಲಿಗೆ ಒಂದೂ ಕಿತ್ತಿರಲಿಲ್ಲ. ಹೊಲಿಗೆಯ ಪಕ್ಕದ ಪ್ಲಾಸ್ಟಿಕ್ಕೇ ಹರಿದಿತ್ತು.

ನನಗೆ ಬೇಜಾರಿಗಿಂತ ಹೆಚ್ಚಾಗಿ ಕುತೂಹಲ ಹತ್ತಿತು. ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುತ್ತದೆ, ಎಳೆಗಳು ಸರಿದು ಮತ್ತೆ ಕೂಡುತ್ತವೆ, ಒಂದರ ಭಾರ ಇನ್ನೊಂದು ಹೊರುತ್ತದೆ. ಇದರಲ್ಲಿ ಎಳೆಯೇ ಇಲ್ಲ. ಪ್ರತಿ ತೂತೂ ಒಂದೊಂದು ಗಾಯ. ನಾವು ಅಚ್ಚುಕಟ್ಟಾಗಿ, ಇಬ್ಬರು ಕಸುಬಿನವರು ಕೂತು, ಸೀಳಿನ ಪಕ್ಕದಲ್ಲೇ ಹರಿಯಲು ಇನ್ನೆರಡು ಗೆರೆ ಹಾಕಿಕೊಟ್ಟಿದ್ದೆವು.

ತಮ್ಮನಿಗೆ ಫೋನು ಮಾಡಿದೆ. ತೂತು ಹಾಕಿ ಹೊಲಿದದ್ದಕ್ಕೆ ಬೈಸಿಕೊಂಡ ಮೇಲೆ ಕೇಳಿದೆ, ಈಗೇನು ಮಾಡಲಿ ಅಂತ. "ಮೊದ್ಲು ಸೀಳು ಎಲ್ಲಿ ಮುಗಿಯುತ್ತೋ ಅಲ್ಲಿ ಒಂದು ದುಂಡಗೆ ತೂತು ಹಾಕಕ್ಕಾ" ಅಂದ.

"ಲೋ, ತೂತಿಂದಾನೇ ಹರಿದಿದ್ದು ಅಂತ ಈಗ ತಾನೇ ನೀನೇ ಹೇಳ್ದೆ."

"ಅದು ಬೇರೆ, ಇದು ಬೇರೆ. ಹಾಕು ಸುಮ್ನೆ."

ಸುಮ್ಮನೆ ಹಾಕು ಅಂದರೆ ಹಾಕುವವಳಲ್ಲ ನಾನು. ಬೇಕರಿಯ ಸ್ವೀಟ್ ಬಾಕ್ಸುಗಳ ಪಾರದರ್ಶಕ ಮುಚ್ಚಳಗಳನ್ನು ಅಮ್ಮ ಎಸೆಯದೆ ಇಟ್ಟಿದ್ದಳು. ಒಂದನ್ನು ಕತ್ತರಿಯಲ್ಲಿ ಸೀಳಿ ಎರಡು ಕಡೆ ಹಿಡಿದು ಎಳೆದೆ, ಸೀಳು ಕೊನೆಯವರೆಗೂ ಓಡಿಹೋಯಿತು. ಇನ್ನೊಂದನ್ನು ಅಷ್ಟೇ ಸೀಳಿ, ಸೀಳಿನ ತುದಿಗೆ ಒಂದು ದುಂಡನೆಯ ತೂತು ಮಾಡಿ ಎಳೆದೆ. ಸೀಳು ತೂತಿನವರೆಗೆ ಬಂದು ನಿಂತಿತು. ಇನ್ನೂ ಜಗ್ಗಿದರೆ ತೂತು ಉದ್ದಕ್ಕೆ ಹಿಗ್ಗಿತೇ ಹೊರತು ಮುಂದೆ ಹರಿಯಲು ಒಪ್ಪಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆ. ಅಪ್ಪ ತಾನೂ ಒಂದು ಮುಚ್ಚಳ ಕೇಳಿ, ಒಂದು ಕಡೆ ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಬಲಗೈಯಲ್ಲಿ ಎಳೆದ. ಚೂಪಾದ ತುದಿಯಲ್ಲಿ ಎಳೆತವೆಲ್ಲ ಒಂದೇ ಕಡೆ ಸೇರಿಕೊಳ್ಳುತ್ತದೆ, ದುಂಡಗೆ ಮಾಡಿದರೆ ಸುತ್ತಲೂ ಹಂಚಿಹೋಗುತ್ತದೆ. ಇಷ್ಟು ಸರಳ ಸಂಗತಿ ನಮಗೆ ತಿಳಿಯಲು ಅಮ್ಮನ ಮುಚ್ಚಳಗಳೆಲ್ಲ ಖಾಲಿಯಾದವು. ಅದಕ್ಕೆ ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮುಂದಿನ ಕೆಲಸ ಒಳಗಡೆಯದು. ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಸಣ್ಣ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಸೀಳುಗಳ ತುದಿಗೆ ತೂತು ಹಾಕಿದೆ. ಸೋಪು ನೀರಲ್ಲಿ ಒಳಮೈ ತೊಳೆದು ಒಣಗಿಸಿ, ಹೊರಗಡೆಯಿಂದ ಟೇಪು ಹಚ್ಚಿ ಸೀಳನ್ನು ಕೂಡಿಸಿ ನಿಲ್ಲಿಸಿದೆ. ಶೂ ಅಂಟಿಸುವ ದಪ್ಪ ಗಮ್ಮು ಬರುತ್ತದಲ್ಲ, ಒಣಗಿದ ಮೇಲೂ ರಬ್ಬರಿನ ಹಾಗೆ ಬಳುಕುವಂಥದ್ದು, ಅದನ್ನೇ ತಾ ಅಂದಿದ್ದ ತಮ್ಮ. ಗಟ್ಟಿಯಾಗಿ ಒಣಗುವ ಗಮ್ಮಾದರೆ ಬಾಡಿ ಬಳುಕಿದಾಗ ಅದೇ ಮೊದಲು ಬಿರಿಯುತ್ತದಂತೆ. ಗಮ್ಮಿನ ಜೊತೆ ಒಂದು ಬಟ್ಟೆ ಬೇಕು ಅಂದಿದ್ದ, ಯಾವ ಬಟ್ಟೆ ಅಂತ ಅವನಿಗೂ ಗೊತ್ತಿರಲಿಲ್ಲ.

ಬಟ್ಟೆಯ ವಿಷಯಕ್ಕೆ ಅಪ್ಪ ಎದ್ದು ಕೂತ. ಹಳೆಯ ತುಂಡುಗಳ ಗಂಟು ಬಿಚ್ಚಿಸಿದ. ನಾನು ಒತ್ತಾಗಿ ನೇಯ್ದ ಸೀರೆಯ ತುಂಡು ಎತ್ತಿಕೊಂಡರೆ, "ಬೇಡ, ಅದ್ರೊಳಗೆ ಗಮ್ಮು ಇಳಿಯಲ್ಲ, ಮೇಲೇ ನಿಂತ್ಕೊಳ್ಳುತ್ತೆ" ಅಂದ. ಬಲೆಯ ಹಾಗೆ ಕಣ್ಣು ಕಣ್ಣಾಗಿದ್ದ ಒಂದು ತೆಳು ತುಂಡನ್ನು ಬೆಳಕಿಗೆ ಹಿಡಿದು ನೋಡಿ ಕೊಟ್ಟ. ಅದನ್ನು ನೇರ ಕತ್ತರಿಸಿ ಇಟ್ಟರೆ ಬಾನೆಟ್ಟಿನ ಉಬ್ಬಿನ ಮೇಲೆ ಕೂರದೆ ನೆರಿಗೆ ಬಿದ್ದಿತು. ಆಗ ನನ್ನ ಕಸುಬು ಕೆಲಸಕ್ಕೆ ಬಂತು. ರವಿಕೆಗೆ ಕತ್ತರಿಸುವ ಹಾಗೆ ಕ್ರಾಸಾಗಿ ಕತ್ತರಿಸಿದೆ. ಓರೆ ಬಂದ ಬಟ್ಟೆ ಜಗ್ಗುತ್ತದೆ, ಬಗ್ಗುತ್ತದೆ, ಉಬ್ಬಿಗೆ ಮೈ ಕೊಟ್ಟು ಮಲಗಿಬಿಡುತ್ತದೆ. ಗಮ್ಮು ಬಳಿದು, ಬಟ್ಟೆ ಹಾಸಿ, ಮೇಲೆ ಮತ್ತೆ ಗಮ್ಮು ಒತ್ತಿದೆವು. ಚಕ್ರದ ಕಮಾನುಗಳ ಅಂಚಿಗೂ ಒಂದೊಂದು ಪಟ್ಟಿ ಅಂಟಿಸಿದೆವು, ಮುಂದೆ ಅಲ್ಲಿಂದಲೇ ಬಿರುಕು ಶುರುವಾಗುವುದು ಅಂತ. ಮೂತಿಯ ಒಳಗೆ, ಚಾವಣಿಯ ಕೆಳಗೆ ಸ್ಪಂಜಿನ ತುಂಡು ಇಟ್ಟೆವು. ಬಾಡಿ ಒಣಗಿದ ಮೇಲೆ ಎರಡು ಕೈಯಲ್ಲಿ ಹಿಡಿದು ಹಿಂಡಿ ನೋಡಿದೆ. ಸೀಳು ಬಾಯಿ ಬಿಡಲಿಲ್ಲ. ಹೊರಗಿನಿಂದ ಒಂದು ಕೂದಲೆಳೆಯ ಗೆರೆ ಕಾಣುತ್ತಿತ್ತು, ಅಷ್ಟೆ. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮರುದಿನ ಸಂಜೆ ಬಂದು ನೋಡಿದರೆ ಟ್ರಕ್ಕು ಟೀವಿ ಪಕ್ಕದ ಶೋಕೇಸಿನಲ್ಲಿ ಕೂತಿದೆ. ಹಾಗೇ ಕೂತಿದ್ದರೂ ಆಗುತ್ತಿತ್ತು. ಅಂಗಡಿಗೆ ಸೀರೆ ಕಳಿಸುವಾಗ ಹಾಕುವ ಜಿಪ್ಪಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಜಿಪ್ ಎಳೆದು ಇಟ್ಟಿದ್ದಾನೆ ಅಪ್ಪ. ರಿಮೋಟಿಗೆ ಬೇರೆ ಕವರು, ಮೇಲೊಂದು ರಬ್ಬರ್ ಬ್ಯಾಂಡು.

ನಮ್ಮ ಮನೆಯ ಪದ್ಧತಿಯೇ ಅದು. ಮಿಕ್ಸಿಗೆ ಕವರು, ಸೋಫಾಗೆ ಕವರು, ಹೊಸ ಸೈಕಲ್ಲಿನ ಸೀಟಿಗೆ ಪ್ಲಾಸ್ಟಿಕ್ಕು ತಾನಾಗಿ ಹರಿಯುವವರೆಗೆ ಬಿಚ್ಚಬಾರದು. ಮಡಿಕೆ ಮುರಿಯದ ಸೀರೆಗೇ ಬೆಲೆ ಅಂತ ನಂಬಿದ ಮನೆ. ಕೆಂಪು ಬಣ್ಣ ಒಳಗಡೆ ಇದೆ, ಅದಕ್ಕೇನೂ ಆಗುವುದಿಲ್ಲ, ಒಳಗೆ ಬಟ್ಟೆ ಕೊಟ್ಟಿದ್ದೇವೆ, ಓಡಿಸಪ್ಪಾ ಅಂದರೆ ಒಂದೊಂದು ದಿನ ಒಂದೊಂದು ನೆಪ. ಗಮ್ಮು ಇನ್ನೂ ಹಸಿ. ಇವತ್ತು ಅಮಾವಾಸ್ಯೆ. ನಿನ್ನ ತಮ್ಮ ಬಂದು ನೋಡಲಿ. ತಮ್ಮ ಬಂದ, ನೋಡಿದ, ಹೋದ. ಟ್ರಕ್ಕು ಮಾತ್ರ ಕವರು ಬಿಟ್ಟು ಈಚೆ ಬರಲಿಲ್ಲ.

"ಅಷ್ಟು ಚಂದ ಮಾಡಿದ್ದೀವಿ ಕಣಮ್ಮಾ, ಮತ್ತೆ ಒಡ್ದೋಗುತ್ತೆ" ಅಂದ ಕೊನೆಗೆ. "ನನ್ ಬೆರಳಿಗೆ ಬ್ರೇಕಿಲ್ಲ ಅಂತ ಗೊತ್ತಲ್ಲ ನಿಂಗೆ."

ಆಗ ನನಗೆ ಹೊಳೆಯಿತು. ಹೆದರಿದ್ದಾನೆ ಇವನು. ಬಾಡಿ ಒಡೆದರೆ ಗಮ್ಮಿದೆ, ಬಟ್ಟೆಯಿದೆ. ತನ್ನ ಬೆರಳು ಆಗುವುದಿಲ್ಲ ಅಂತ ಎಲ್ಲರೆದುರು ಮತ್ತೆ ಮತ್ತೆ ಗೊತ್ತಾಗುವುದಕ್ಕೆ ಹೆದರಿದ್ದಾನೆ. ನಾನು ಎಷ್ಟು ಅಚ್ಚುಕಟ್ಟಾಗಿ ರಿಪೇರಿ ಮಾಡಿದೆನೋ ಅಷ್ಟೂ ಅವನ ಭಯಕ್ಕೆ ಒಳ್ಳೆಯ ನೆಪವಾಗಿತ್ತು.

ಹೀಗೇ ದಿನ ಹೋಯಿತು. ಫಿಜಿಯೋ ಹುಡುಗಿ ಬಂದವಳು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ನನಗೆ ಹೇಳಿದಳು: "ಸಡ್ಲ ಆಗಿತ್ತಲ್ಲಕ್ಕಾ, ಮತ್ತೆ ಬಿಗಿದುಕೊಳ್ತಾ ಇದೆ."

ನನಗೆ ಎಲ್ಲಿತ್ತೋ ಸಿಟ್ಟು. ಒಳಗೆ ಹೋದವಳೇ ಶೋಕೇಸು ತೆಗೆದು, ಜಿಪ್ಪೆಳೆದು, ಟ್ರಕ್ಕನ್ನು ಕವರಿಂದ ಈಚೆ ತೆಗೆದೆ. ರಬ್ಬರ್ ಬ್ಯಾಂಡನ್ನು ಕಿತ್ತೆಸೆದೆ. "ನೀನು ಓಡ್ಸಲ್ಲ ಅಂದ್ರೆ ನಾನೇ ಓಡಿಸ್ತೀನಿ" ಅಂತ ಟ್ರಕ್ಕನ್ನು ತಂದು ಮನೆ ಮುಂದಿನ ಬೀದಿಗಿಟ್ಟೆ. ನಾನು ಅಲ್ಲಿಯವರೆಗೆ ಒಂದು ಸಲವೂ ಓಡಿಸಿದವಳಲ್ಲ. ಜಗಲಿಯ ಮೇಲೆ ಕೂತು ಕುದುರೆ ಎಳೆದೆ. ಅಪ್ಪ ಕೋಲೂರಿಕೊಂಡು ಬಂದು, "ಬೀದೀಲಿ ಬೇಡ, ಬೇಡ ಕಣೇ" ಅನ್ನುತ್ತಾ ನನ್ನ ಬಲಕ್ಕೇ ನಿಂತ.

ಬೀದಿ ಇಳಿಜಾರು. ಕೆಳಗೆ ಚರಂಡಿಗೆ ಮುಚ್ಚಿದ್ದ ಚಪ್ಪಡಿ ಒಂದು ಕಡೆ ಇಲ್ಲ. ಟ್ರಕ್ಕು ನೆಟ್ಟಗೆ ಅತ್ತಲೇ ಹೊರಟಿತು. ತಿರುಗಿಸಿದೆ, ತಿರುಗಲಿಲ್ಲ, ಇನ್ನೊಂದು ಕಡೆಗೆ ತಿರುಗಿಸಿದ್ದೆನೋ ಏನೋ. ಗಾಬರಿಗೆ ಕುದುರೆಯನ್ನು ಇನ್ನೂ ಬಿಗಿಯಾಗಿ ಎಳೆದೆ, ಬಿಡಬೇಕು ಅನ್ನುವುದೇ ತೋಚಲಿಲ್ಲ. ಟ್ರಕ್ಕು ಕಲ್ಲು ಹಾರಿ, ಎರಡು ಚಕ್ರದ ಮೇಲೆ ಎದ್ದು, ಮತ್ತೆ ಬಿದ್ದು, ಚರಂಡಿಯ ಕಡೆಗೇ ಓಡಿತು.

"ಕೊಡೇ ಇಲ್ಲಿ!"

ಅಪ್ಪನ ಬಲಗೈಯಲ್ಲಿ ಕೋಲಿತ್ತು. ಎಡಗೈ ನನ್ನ ಎದೆಯ ಮುಂದೆ ಹಾದು ಬಂದು ರಿಮೋಟನ್ನು ನನ್ನ ಕೈ ಸಮೇತ ಹಿಡಿದುಕೊಂಡಿತು. ಅವನ ತೋರುಬೆರಳು ನನ್ನ ಬೆರಳನ್ನು ಒತ್ತರಿಸಿ ಕುದುರೆಯೊಳಗೆ ಹೊಕ್ಕು, ನಡುಗುತ್ತಾ, ನೆಟ್ಟಗಾಗುತ್ತಾ, ಮುಂದಕ್ಕೆ ನೂಕಿತು. ಕೆಳಗೆ ಟ್ರಕ್ಕು ಕಿರ್ರೆಂದು ಚರಂಡಿಯ ಬಾಯಲ್ಲಿ ನಿಂತಿತು.

ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅಪ್ಪ ಟ್ರಕ್ಕನ್ನೇ ನೋಡುತ್ತಿದ್ದ, ಬೆರಳನ್ನು ನೋಡಿರಲಿಲ್ಲ. ಅವನಿಗೆ ನನ್ನ ಮೇಲೆ ವಿಪರೀತ ಕೋಪ ಬಂದಿತ್ತು.

"ಬ್ರೇಕ್ ಹಾಕೋಕೂ ಬರಲ್ವೇನೇ ನಿಂಗೆ? ಮುಂದಕ್ಕೆ ನೂಕ್ಬೇಕು. ನೋಡು, ಹಿಂಗೆ" ಅಂತ ಮತ್ತೊಮ್ಮೆ ನೂಕಿ ತೋರಿಸಿದ.

ಕಣ್ಣು ತುಂಬಿಕೊಂಡು ನನಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಗೊತ್ತಾಗಲಿಲ್ಲಪ್ಪ, ಇನ್ನೊಂದು ಸಲ ತೋರಿಸು ಅಂದೆ. ಬೈಯುತ್ತಲೇ ತೋರಿಸಿದ.